ಪದ ಪರಿಚಯ: ಹಗೆ

ಹಳಗನ್ನಡದ ‘ಪಗೆ’ಯೇ ಇಂದಿನ ‘ಹಗೆ’. ಪಾಲು ಹಾಲಾದ ಹಾಗೆ. ತಮಿಳಿನಲ್ಲಿ ‘ಪಗೈ’, ತೆಲುಗಿನಲ್ಲಿ ‘ಪಗ’. ದ್ವೇಷಕ್ಕೂ ದ್ವೇಷಿಸುವವನಿಗೂ ನಮ್ಮಲ್ಲಿ ಇದೊಂದೇ ಪದ. ಹಗೆ ಸಾಧಿಸುತ್ತೇವೆ, ಹಗೆ ತೀರಿಸಿಕೊಳ್ಳುತ್ತೇವೆ. ‘ಹಗೆಯನ್ನು ಪ್ರೀತಿಸು’ ಎಂದರೆ ಕಿವಿ ಎಡವುತ್ತದೆ. ಎಡವಲೇಬೇಕು, ಯೇಸುವಿನ ಮಾತು (ಮತ್ತಾಯ 5:44) ಅಷ್ಟು ಕಠಿಣ. ಅಲ್ಲಿನ ಗ್ರೀಕ್ ಕ್ರಿಯಾಪದ ‘ಅಗಾಪೆ’ಯ ನಂಟಿನದು, ಕ್ರೈಸ್ತರಿಗೆ ಅದು ಬರಿಯ ಒಲವಲ್ಲ, ಕೈಯಾರೆ ಮಾಡುವ ಕೆಲಸ.

ಅಂಥ ಕೆಲಸಕ್ಕೊಂದು ನಿದರ್ಶನ: ಹಾಲೆಂಡಿನ ಡಿರ್ಕ್ ವಿಲೆಮ್ಸ್ ದೊಡ್ಡವನಾದ ಮೇಲೆ ಮತ್ತೆ ದೀಕ್ಷಾಸ್ನಾನ ಪಡೆದದ್ದಕ್ಕೆ ಸೆರೆಯಾದವನು. ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರನ್ನು ದಾಟಿದ. ಬೆನ್ನಟ್ಟಿದವನ ಕಾಲಡಿ ಮಂಜುಗಡ್ಡೆ ಒಡೆಯಿತು. ವಿಲೆಮ್ಸ್ ತಿರುಗಿ ಬಂದು, ಕೈಚಾಚಿ ಅವನನ್ನು ಮೇಲೆಳೆದ, ಮತ್ತೆ ಸೆರೆಸಿಕ್ಕ. 1569ರ ಮೇ 16ರಂದು ಅವನನ್ನು ಜೀವಂತ ಸುಟ್ಟರು.