ರಕ್ಕಸನ ಮುಖ ಯಾರದು?

ನಾವು ಉರ್ದು ಶಾಲೆಯ ಮೂರನೇ ತರಗತಿಯಲ್ಲಿದ್ದಾಗ ನಮ್ಮ ಓಣಿಯಲ್ಲಿ ದಿನಾ ಸಂಜೆ ಒಂದು ಆಟ ನಡೆಯುತ್ತಿತ್ತು. ಒಬ್ಬ ಅಮೀರ್ ಹಂಝಾ, ಇನ್ನೊಬ್ಬ ಅಮರ್ ಅಯ್ಯಾರ್, ಉಳಿದವರು ಸೈನಿಕರು. ಇವರೆಲ್ಲ ದಿನದಿನಕ್ಕೆ ಬದಲಾಗುತ್ತಿದ್ದರು. ದೇವ್, ಅಂದರೆ ರಕ್ಕಸ, ಮಾತ್ರ ಯಾವಾಗಲೂ ಒಬ್ಬನೇ. ಚಿಕ್ಕಂದಿನಲ್ಲಿ ಸೀಮೆಎಣ್ಣೆ ಸ್ಟೌ ಸಿಡಿದು ಅವನ ಕೆನ್ನೆ, ಕತ್ತು ಸುಟ್ಟು ಹೋಗಿದ್ದವು. ‘ನೀನು ದೇವ್ ಆಗು’ ಎಂದು ಅವನಿಗೆ ಯಾರೂ ಹೇಳಿದ ನೆನಪಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಒಂದು ದಿನ ಅವನು, ‘ಇವತ್ತು ನಾನು ಹಂಝಾ ಆಗ್ತೀನಿ’ ಎಂದ. ನಾವೆಲ್ಲ ನಕ್ಕೆವು. ಮರುದಿನದಿಂದ ಅವನು ಆಟಕ್ಕೆ ಬರಲಿಲ್ಲ.

ಈಚೆಗೆ ಒಂದು ಮದುವೆಯಲ್ಲಿ ಅವನು ಸಿಕ್ಕಿದ. ಅವನ ಮಗ ಜೋಕರ್‌ನ ಚಿತ್ರವಿದ್ದ ಅಂಗಿ ತೊಟ್ಟಿದ್ದ. ಹಸಿರು ಕೂದಲು, ಬಿಳುಚಿದ ಚರ್ಮ, ಕಿವಿಯವರೆಗೆ ಹರಿದಂತಿರುವ ಕೆಂಪು ಬಾಯಿ. ಬಿರಿಯಾನಿಯ ತಟ್ಟೆ ಹಿಡಿದು ನಿಂತಿದ್ದ ಗೆಳೆಯ ನಗುತ್ತಲೇ ಕೇಳಿದ: ‘ನೀವು ಕಥೆ ಬರೀತೀರಲ್ಲ ಭಾಯಿ, ನಿಮ್ಮ ಕಥೆಗಳಲ್ಲಿ ದೇವ್ ಯಾರಾಗ್ತಾರೆ?’ ಉತ್ತರ ಹೊಳೆಯಲಿಲ್ಲ. ಆ ಅಂಗಿಯ ಮೇಲಿನ ಮುಖದ ಇತಿಹಾಸವನ್ನಾದರೂ ತಿಳಿಯೋಣವೆಂದು ಹೊರಟೆವು. ಈ ಬರಹ ಹುಟ್ಟಿದ್ದು ಹಾಗೆ.

ಅಮೆರಿಕದ ಮಹಾವೀರರ ಕಾಮಿಕ್ಸ್ ಯುಗ ಆರಂಭವಾದದ್ದು 1938ರಲ್ಲಿ, ‘ಆಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡಾಗ. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ ಯೂರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳ ಹುಡುಗರು. ವಿಶೇಷವೆಂದರೆ ಆ ಮೊದಲ ಕಥೆಗಳಲ್ಲಿ ರಕ್ಕಸರೇ ಇರಲಿಲ್ಲ. ಹೆಂಡತಿಯನ್ನು ಹೊಡೆಯುವ ಗಂಡ, ಶಾಸಕರಿಗೆ ಲಂಚ ತಿನ್ನಿಸುವ ದಲ್ಲಾಳಿ, ಕಾರ್ಮಿಕರ ಜೀವಕ್ಕೆ ಬೆಲೆ ಕೊಡದ ಗಣಿಯ ಧಣಿ - ಇವರೇ ಸೂಪರ್‌ಮ್ಯಾನ್‌ನ ಎದುರಾಳಿಗಳು. ಕೇಡು ಅವರ ನಡತೆಯಲ್ಲಿತ್ತು, ಮೈಯಲ್ಲಿ ಇರಲಿಲ್ಲ. ಬೀದಿಯಲ್ಲಿ ಎದುರಾದರೆ ನಾವು ಸಲಾಂ ಮಾಡಿ ದಾರಿ ಬಿಡುವಂಥ ಮುಖಗಳೇ ಅವು.

ಇದು ಬಹಳ ಕಾಲ ಉಳಿಯಲಿಲ್ಲ. ಬೆಟ್ಟ ಎತ್ತುವವನಿಗೆ ಗಣಿ ಧಣಿ ಸಾಕಾಗುತ್ತಾನೆಯೇ? 1939ರಲ್ಲಿ ‘ಅಲ್ಟ್ರಾ ಹ್ಯೂಮನೈಟ್’ ಎಂಬ ಖಳನಾಯಕ ಬಂದ. ಬೋಳುತಲೆಯ, ಗಾಲಿಕುರ್ಚಿಯಲ್ಲಿ ಕುಳಿತ ಅಂಗವಿಕಲ ವಿಜ್ಞಾನಿ. 1942ರಲ್ಲಿ ಬ್ಯಾಟ್‌ಮ್ಯಾನ್ ಕಥೆಗಳಿಗೆ ‘ಟೂ ಫೇಸ್’ ಬಂದ. ಆಸಿಡ್ ಬಿದ್ದು ಅರ್ಧ ಮುಖ ಸುಟ್ಟ ವಕೀಲ; ಮುಖ ಸುಟ್ಟದ್ದೇ ತಡ, ಅರ್ಧ ಮನಸ್ಸೂ ಕೆಟ್ಟುಹೋಯಿತಂತೆ! ಚಿತ್ರಕಥೆಗೆ ಇದು ಅನುಕೂಲದ ದಾರಿ. ಒಳಗಿನ ಕೇಡನ್ನು ಬಿಡಿಸುವುದು ಕಷ್ಟ, ಹೊರಗಿನ ಗಾಯವನ್ನು ಬಿಡಿಸುವುದು ಸುಲಭ. ಅಗ್ಗದ ಕಾಗದದ ಮೇಲೆ, ಕೆಲವೇ ಬಣ್ಣಗಳಲ್ಲಿ ಅಚ್ಚಾಗುತ್ತಿದ್ದ ಆ ಪುಟಗಳಲ್ಲಿ ಓದುಗ ಮೊದಲ ನೋಟಕ್ಕೇ ಕೆಟ್ಟವನನ್ನು ಗುರುತಿಸಬೇಕಿತ್ತು. ಗುರುತಿಸಿದ. ಆದರೆ ಅದಕ್ಕೆ ತೆತ್ತ ಬೆಲೆ ಗಾಯಗೊಂಡವರದು.

ಜೋಕರ್‌ನ ಕಥೆಯಂತೂ ಇನ್ನೂ ಸೋಜಿಗದ್ದು. ಅವನು ಬಂದದ್ದು 1940ರಲ್ಲಿ, ‘ಬ್ಯಾಟ್‌ಮ್ಯಾನ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ. ಅವನ ಹುಟ್ಟಿನ ಶ್ರೇಯಸ್ಸು ಯಾರಿಗೆ ಸಲ್ಲಬೇಕೆಂದು ಬಾಬ್ ಕೇನ್, ಬಿಲ್ ಫಿಂಗರ್, ಜೆರ್ರಿ ರಾಬಿನ್‌ಸನ್ ಈ ಮೂವರ ನಡುವೆ ತಕರಾರಿತ್ತು. ಆದರೆ ಆ ನಗುವಿಗೆ ಮಾದರಿಯಾದದ್ದು 1928ರ ‘ದ ಮ್ಯಾನ್ ಹೂ ಲಾಫ್ಸ್’ ಸಿನಿಮಾದಲ್ಲಿ ನಟ ಕಾನ್ರಾಡ್ ಫೈಟ್ ತೊಟ್ಟ ಮುಖ. ಆ ಸಿನಿಮಾದ ಮೂಲ ವಿಕ್ಟರ್ ಹ್ಯೂಗೋನ 1869ರ ಕಾದಂಬರಿ. ಅದರಲ್ಲಿ ಆ ಮುಖದವನು ಖಳನಲ್ಲ. ರಾಜನ ವಿರೋಧಿಯೊಬ್ಬನ ಮಗುವನ್ನು ಮಕ್ಕಳ ವ್ಯಾಪಾರಿಗಳಿಗೆ ಒಪ್ಪಿಸಿ, ಬಾಯಿ ಸೀಳಿಸಿ, ಸದಾ ನಗುವಂತೆ ವಿರೂಪಗೊಳಿಸಲಾಗುತ್ತದೆ. ಬೆಳೆದ ಮೇಲೆ ಅವನು ಪ್ರಭುಗಳ ಸಭೆಯಲ್ಲಿ ನಿಂತು ಬಡವರ ಪರ ಮಾತಾಡುತ್ತಾನೆ; ಪ್ರಭುಗಳು ಅವನ ಮುಖ ನೋಡಿ ನಗುತ್ತಾರೆ. ಅನ್ಯಾಯಕ್ಕೆ ಒಳಗಾದವನ ಮುಖವನ್ನು ಕಿತ್ತು ಕೊಲೆಗಡುಕನಿಗೆ ಅಂಟಿಸಿದ್ದು ಕಾಮಿಕ್ಸ್. ಮುಖ ಉಳಿಯಿತು, ಅದರ ಹಿಂದಿದ್ದ ಸಂಕಟ ಅಳಿಸಿಹೋಯಿತು.

ಫೈಟ್ ಜರ್ಮನಿಯವನು. ಯಹೂದಿ ಹೆಂಡತಿಯೊಂದಿಗೆ 1933ರಲ್ಲಿ ನಾಜಿಗಳ ದೇಶ ಬಿಟ್ಟು ಹೋದವನು. ಜೋಕರ್ ಹುಟ್ಟಿದ ಅದೇ 1940ರಲ್ಲಿ ಅವನು ‘ದ ಥೀಫ್ ಆಫ್ ಬಗ್ದಾದ್’ ಸಿನಿಮಾದಲ್ಲಿ ಜಾಫರ್ ಎಂಬ ದುಷ್ಟ ವಜೀರನಾದ. ಒಂದೇ ಮುಖ ಒಂದು ಕಡೆ ಜೋಕರ್‌ಗೆ ಮಾದರಿ, ಇನ್ನೊಂದು ಕಡೆ ಪೇಟ ಸುತ್ತಿದ ಮುಸಲ್ಮಾನ ಮಾಂತ್ರಿಕ. ವಿಧಿಯ ವಿನೋದವೆನ್ನಬೇಕಷ್ಟೆ.

ಎರಡನೆಯ ಮಹಾಯುದ್ಧ ಬಂದಾಗ ರಕ್ಕಸನಿಗೆ ದೇಶವೂ ಸಿಕ್ಕಿತು. ‘ಕ್ಯಾಪ್ಟನ್ ಅಮೆರಿಕ’ದ ಮೊದಲ ಸಂಚಿಕೆಯ ಮುಖಪುಟದಲ್ಲಿ ನಾಯಕ ಹಿಟ್ಲರನ ದವಡೆಗೆ ಗುದ್ದುತ್ತಾನೆ. ಅದರ ಮೇಲೆ 1941ರ ಮಾರ್ಚ್ ಎಂದು ಅಚ್ಚಾಗಿದೆ. ಅಂದರೆ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಜ್ಯಾಕ್ ಕರ್ಬಿ ಮತ್ತು ಜೋ ಸೈಮನ್ ಎಂಬ ಇಬ್ಬರು ಯಹೂದಿ ಯುವಕರ ಧೈರ್ಯ ಅದು. ಅದೇ ಸಂಚಿಕೆಯಲ್ಲಿ ಕೆಂಪು ತಲೆಬುರುಡೆಯ ‘ರೆಡ್ ಸ್ಕಲ್’ ಬರುತ್ತಾನೆ. ಕೊನೆಗೆ ಮುಖವಾಡ ಕಳಚಿದರೆ ಒಳಗಿದ್ದವನು ವಿಮಾನ ಕಾರ್ಖಾನೆಯ ಅಮೆರಿಕನ್ ಮಾಲೀಕ! ಆ ಕಥೆಯಲ್ಲಿ ರಕ್ಕಸತನ ಕೇವಲ ಮುಖವಾಡವಾಗಿತ್ತು.

ಜಪಾನೀಯರ ವಿಷಯದಲ್ಲಿ ಈ ವಿವೇಕ ಉಳಿಯಲಿಲ್ಲ. ಅದಕ್ಕೆ ಹಳೆಯ ಬೇರಿತ್ತು. ಸ್ಯಾಕ್ಸ್ ರೋಮರ್ 1913ರ ಕಾದಂಬರಿಯಲ್ಲಿ ತಂದ ಫೂ ಮಾಂಚು ಎಂಬ ಚೀನೀ ಖಳನ ನೆರಳು ಕಾಮಿಕ್ಸ್ ಮೇಲೆ ಬಿದ್ದಿತ್ತು. 1937ರ ‘ಡಿಟೆಕ್ಟಿವ್ ಕಾಮಿಕ್ಸ್’ ಮೊದಲ ಸಂಚಿಕೆಯ ಮುಖಪುಟ ತುಂಬ ಅಂಥದೇ ಒಂದು ಮುಖ. ಯುದ್ಧಕಾಲದಲ್ಲಿ ಜಪಾನೀಯರಿಗೆ ಕೋರೆಹಲ್ಲು, ಉಗುರು, ಹಳದಿ ಚರ್ಮ ಬರೆದರು. ರೆಡ್ ಸ್ಕಲ್ ಮುಖವಾಡ ಕಳಚಬಹುದಿತ್ತು. ಇವರಿಗೆ ಚರ್ಮವೇ ಮುಖವಾಡ. 1942ರ ಫೆಬ್ರವರಿಯಲ್ಲಿ ಹೊರಟ ಸರ್ಕಾರಿ ಆಜ್ಞೆಯಿಂದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಮಾರು ಬಿಡಿಸಿ ಶಿಬಿರಗಳಿಗೆ ತಳ್ಳಲಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಕಾಮಿಕ್ಸ್‌ನಿಂದಲೇ ಇದು ನಡೆಯಿತೆಂದು ನಾವು ಹೇಳುವುದಿಲ್ಲ. ಆದರೆ ನೆರೆಮನೆಯವನನ್ನು ಲಾರಿಗೆ ಹತ್ತಿಸುವಾಗ ಊರು ಸುಮ್ಮನಿರಬೇಕಾದರೆ ಅವನ ಮುಖ ಅಷ್ಟರಲ್ಲಾಗಲೇ ರಕ್ಕಸನದಾಗಿರಬೇಕು. 1988ರಲ್ಲಿ ಅಮೆರಿಕ ಸರ್ಕಾರ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಪರಿಹಾರ ಕೊಡಲು ಕಾನೂನು ಮಾಡಿತು. ನಲವತ್ತಾರು ವರ್ಷ ತಡವಾಗಿ.

1954ರಲ್ಲಿ ಕಾಮಿಕ್ಸ್ ಮೇಲೇ ವಿಚಾರಣೆ ನಡೆಯಿತು. ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯ ಇವು ಮಕ್ಕಳನ್ನು ಕೆಡಿಸುತ್ತಿವೆ ಎಂದು ಪುಸ್ತಕ ಬರೆದ. ಸೆನೆಟ್ಟಿನ ಉಪಸಮಿತಿ ವಿಚಾರಣೆಗೆ ಕುಳಿತಿತು. ಅವನು ತನ್ನ ವಾದಕ್ಕೆ ಹೊಂದುವಂತೆ ಸಾಕ್ಷ್ಯಗಳನ್ನು ತಿರುಚಿದ್ದನೆಂದು 2012ರಲ್ಲಿ ಸಂಶೋಧಕಿ ಕ್ಯಾರೊಲ್ ಟಿಲ್ಲಿ ತೋರಿಸಿದರು. ಆದರೂ ಕಪ್ಪು ಚರ್ಮದವರನ್ನು ಈ ಪುಟಗಳು ಕೀಳಾಗಿ ತೋರಿಸುತ್ತವೆ ಎಂಬ ಅವನ ಮಾತು ಸುಳ್ಳಾಗಿರಲಿಲ್ಲ. ಹೆದರಿದ ಪ್ರಕಾಶಕರು ತಾವೇ ಒಂದು ನೀತಿಸಂಹಿತೆ ಮಾಡಿಕೊಂಡರು. ಜೀವಂತ ಹೆಣ, ರಕ್ತಪಿಪಾಸು, ತೋಳಮಾನವ, ‘ಗೂಲ್’ - ಎಲ್ಲಕ್ಕೂ ನಿಷೇಧ.

ರಕ್ಕಸರು ಹೋದರು, ಪೂರ್ವಗ್ರಹ ಹೋಯಿತೇ? ಎರಡೇ ವರ್ಷದಲ್ಲಿ, 1956ರಲ್ಲಿ, ಒಂದು ಕಥೆಯ ಕೊನೆಯ ಚಿತ್ರದಲ್ಲಿ ಗಗನಯಾತ್ರಿ ಶಿರಸ್ತ್ರಾಣ ತೆಗೆದಾಗ ಅವನು ಕಪ್ಪು ಮನುಷ್ಯನಾಗಿದ್ದ. ಅವನನ್ನು ಬದಲಿಸಿ ಎಂದು ಸಂಹಿತೆಯ ಅಧಿಕಾರಿ ಪಟ್ಟು ಹಿಡಿದ. ಪ್ರಕಾಶಕ ವಿಲಿಯಂ ಗೇನ್ಸ್ ಒಪ್ಪದೆ ಹಾಗೆಯೇ ಅಚ್ಚು ಹಾಕಿದ.

ಇಲ್ಲಿ ‘ಗೂಲ್’ ಎಂಬ ಶಬ್ದದ ಬಗ್ಗೆ ಒಂದು ಮಾತು. ಇದು ಅರಬ್ಬಿ ಶಬ್ದ. ಉರ್ದು ಓದಿದವರಿಗೆ ‘ಗೂಲೆ ಬಯಾಬಾನಿ’ ಗೊತ್ತು: ಮರುಭೂಮಿಯಲ್ಲಿ ದಾರಿಹೋಕರನ್ನು ದಿಕ್ಕು ತಪ್ಪಿಸುವ ಪಿಶಾಚಿ. ಅದು ಬೇಕಾದ ರೂಪ ತಾಳಬಲ್ಲದು. ಕಾಲಿನ ಗೊರಸನ್ನು ಮಾತ್ರ ಬದಲಿಸಲಾರದು ಎನ್ನುತ್ತವೆ ಅರಬ್ಬರ ಜನಪದ ಕಥೆಗಳು. ಇಂಗ್ಲಿಷಿಗೆ ಹೋದ ಈ ಗೂಲ್ ಹೆಣ ತಿನ್ನುವ ಭೂತವಾಯಿತು. 1954ರಲ್ಲಿ ನಿಷೇಧಕ್ಕೆ ಒಳಗಾಯಿತು. 1971ರಲ್ಲಿ ಸಂಹಿತೆ ಸಡಿಲವಾಯಿತು. ಅದೇ ವರ್ಷ ಬ್ಯಾಟ್‌ಮ್ಯಾನ್‌ಗೆ ಹೊಸ ವೈರಿ ಬಂದ. ಹೆಸರು ರಾಸ್ ಅಲ್ ಗೂಲ್, ಅಂದರೆ ‘ಗೂಲ್‌ನ ತಲೆ’. ಈ ಸಲ ಗೂಲ್ ಮನುಷ್ಯರೂಪದಲ್ಲೇ ಬಂದಿತ್ತು, ಅರಬ್ಬಿ ಹೆಸರು ಹೊತ್ತು.

ಆಮೇಲಿನದು ನಮಗೆ ಪರಿಚಿತ ಕಥೆ. ಕುರಾಕ್, ಬಿಯಾಲ್ಯ ಎಂಬ ಕಲ್ಪಿತ ಅರಬ್ ದೇಶಗಳು ಹುಟ್ಟಿದವು. 1988-89ರ ಒಂದು ಕಥಾಸರಣಿಯಲ್ಲಿ ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್ ಸಾಯಬೇಕೋ ಬೇಡವೋ ಎಂದು ಓದುಗರಿಂದ ಫೋನ್ ಮತ ಪಡೆದರು. ಸಾಯಲಿ ಎಂದವರು 5,343, ಬೇಡವೆಂದವರು 5,271. ಅದೇ ಕಥೆಯಲ್ಲಿ ರಾಬಿನ್‌ನನ್ನು ಕೊಂದ ಜೋಕರ್ ಇರಾನಿನ ರಾಯಭಾರಿಯಾಗಿ ವಿಶ್ವಸಂಸ್ಥೆಗೆ ಬರುತ್ತಾನೆ. ತಲೆಗೆ ಅರಬ್ಬರ ವಸ್ತ್ರ! ಇರಾನಿಯರು ಅರಬ್ಬರಲ್ಲ ಎಂಬ ಸಣ್ಣ ಸಂಗತಿಯೂ ಬೇಡವಾಗಿತ್ತು. ಲೆಬನಾನ್ ಮೂಲದ ಕ್ರೈಸ್ತ ವಿದ್ವಾಂಸ ಜ್ಯಾಕ್ ಶಾಹೀನ್ ಬದುಕಿನುದ್ದಕ್ಕೂ ಇಂಥ ಚಿತ್ರಗಳನ್ನು ಲೆಕ್ಕ ಹಾಕಿದವರು. 2001ರ ಅವರ ಪುಸ್ತಕ 900ಕ್ಕೂ ಹೆಚ್ಚು ಸಿನಿಮಾಗಳನ್ನು ಪರಿಶೀಲಿಸಿತು. ಅರಬ್ಬನೆಂದರೆ ಮನುಷ್ಯನಲ್ಲದವನು ಎಂಬ ಭಾವನೆ ಹೇಗೆ ಬೇರೂರಿತೆಂದು ಅದರಲ್ಲಿ ವಿವರಿಸಿದ್ದಾರೆ.

ಆದರೆ ಇತಿಹಾಸ ಒಂದೇ ದಿಕ್ಕಿಗೆ ಹರಿಯಲಿಲ್ಲ. 1961ರ ‘ಫೆಂಟಾಸ್ಟಿಕ್ ಫೋರ್’ ಮೊದಲ ಸಂಚಿಕೆಯ ಖಳ ‘ಮೋಲ್ ಮ್ಯಾನ್’ ತನ್ನ ಕಥೆ ತಾನೇ ಹೇಳುತ್ತಾನೆ: ಕುರೂಪಿಯೆಂದು ಎಲ್ಲರೂ ಅಣಕಿಸಿದ್ದರಿಂದ ಭೂಮಿಯೊಳಗೆ ಇಳಿದೆ ಎಂದು. ಅದೇ ಕಥೆಯ ನಾಲ್ವರು ನಾಯಕರಲ್ಲಿ ಒಬ್ಬ, ಬೆನ್ ಗ್ರಿಮ್, ಸ್ವತಃ ಕಲ್ಲಿನಂಥ ಮೈಯ ವಿಕಾರರೂಪಿ. ರಕ್ಕಸನೂ ನಾಯಕನಾಗಬಹುದು ಎಂಬ ಬಾಗಿಲು ಅಲ್ಲಿ ತೆರೆಯಿತು. ಮರುವರ್ಷ ಹಲ್ಕ್ ಬಂದ. 1963ರಲ್ಲಿ ಬರೀ ದುಷ್ಟನಾಗಿ ಬಂದಿದ್ದ ಮ್ಯಾಗ್ನಿಟೋಗೆ 1981ರಲ್ಲಿ ಲೇಖಕ ಕ್ರಿಸ್ ಕ್ಲೇರ್ಮಾಂಟ್ ಬಾಲ್ಯ ಕೊಟ್ಟರು. ಅವನು ಆಶ್‌ವಿಟ್ಸ್ ಶಿಬಿರದಲ್ಲಿ ಬೆಳೆದವನು. ಒಂದು ಯಹೂದಿ ಹುಡುಗಿಯನ್ನು ಕೊಂದೆನೆಂದು ತಿಳಿದ ಕ್ಷಣ, ತಾನು ದ್ವೇಷಿಸಿದವರಂತೆಯೇ ಆದೆನೆಂದು ಕುಸಿಯುತ್ತಾನೆ. ಪಾಪಕ್ಕೆ ಕಾರಣ ಸಿಕ್ಕಿತು, ಕ್ಷಮೆ ಸಿಗಲಿಲ್ಲ. ಒಳ್ಳೆಯ ಕಥೆ ಹಾಗಿರಬೇಕು.

ಚಿತ್ರಿತನಾದವನೇ ಓದುಗನೂ ಆಗಿದ್ದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಫ್ಯಾಂಟಮ್‌ನನ್ನು ಇಲ್ಲಿಗೆ ತಂದಿತು. ಮೂಲದಲ್ಲಿ ಅವನ ವಂಶಪಾರಂಪರ್ಯ ವೈರಿಗಳು ‘ಸಿಂಗ್’ ಕಡಲ್ಗಳ್ಳರು. ಇಲ್ಲಿ ಅವರು ‘ಸಿಂಗ’ರಾದರು. ಒಂದು ಅಕ್ಷರದ ತಿದ್ದುಪಡಿ ಅಷ್ಟೆ. ಆದರೆ ಆ ಹೆಸರು ಹೊತ್ತ ಹುಡುಗನೊಬ್ಬ ಈ ಪುಟ ಓದುತ್ತಾನೆ ಎಂಬ ನೆನಪು ಆ ಅಕ್ಷರದಲ್ಲಿದೆ.

ಮುಸಲ್ಮಾನರೂ ತಮ್ಮ ಕಥೆ ತಾವೇ ಹೇಳತೊಡಗಿದರು. ಕುವೈತಿನ ನಾಯಿಫ್ ಅಲ್ ಮುತವ್ವ 2006ರಲ್ಲಿ ‘ದ 99’ ಕಾಮಿಕ್ಸ್ ತಂದರು. ಅಲ್ಲಾಹನ 99 ನಾಮಗಳಿಂದ ಪ್ರೇರಣೆ ಪಡೆದ ವೀರರು ಅದರಲ್ಲಿದ್ದರು. 2014ರಲ್ಲಿ ಸೌದಿಯ ಧರ್ಮಪಂಡಿತರು ಅದರ ವಿರುದ್ಧ ಫತ್ವಾ ಹೊರಡಿಸಿದರು. ಪಶ್ಚಿಮದವರು ನಮ್ಮನ್ನು ರಕ್ಕಸರಾಗಿಸಿದರೆಂದು ದೂರುವ ನಾವು, ನಮ್ಮವನನ್ನೇ ಸೈತಾನನ ಸಾಲಿಗೆ ಸೇರಿಸಲು ಹಿಂಜರಿಯಲಿಲ್ಲ. ಅಷ್ಟೇಕೆ, ನಾವು ಮೆಚ್ಚಿ ಕೇಳಿದ ಹಂಝಾ ದಾಸ್ತಾನಿನಲ್ಲೂ ಅನ್ಯಧರ್ಮೀಯನೆಂದರೆ ಬಹುಪಾಲು ಮಾಂತ್ರಿಕ, ಮೋಸಗಾರನೇ. ಅದೇ ದಾಸ್ತಾನಿನಲ್ಲಿ ಹಂಝಾನಿಗೆ ಎದುರಾಳಿಯಾಗಿ ಬಂದ ದೈತ್ಯಕಾಯ ಲಂಧೌರ್ ಅವನ ಆಪ್ತಮಿತ್ರನಾಗುತ್ತಾನೆ ಎಂಬುದೂ ನಿಜ. ನಾವು ಮಕ್ಕಳು ಲಂಧೌರ್‌ನ ಆಟ ಆಡಲೇ ಇಲ್ಲ.

2013ರಲ್ಲಿ ಮಾರ್ವೆಲ್ ಸಂಸ್ಥೆ ಕಮಲಾ ಖಾನ್ ಎಂಬ ಪಾಕಿಸ್ತಾನಿ ಮೂಲದ ಅಮೆರಿಕನ್ ಹುಡುಗಿಯನ್ನು ಪರಿಚಯಿಸಿತು. ಅವಳ ಶಕ್ತಿ ರೂಪ ಬದಲಿಸುವುದು, ಅಂದರೆ ಗೂಲ್‌ನ ಶಕ್ತಿಯೇ! ಮೊದಲು ಅವಳು ಹೊಂಬಣ್ಣದ ಕೂದಲಿನ ಬಿಳಿ ಹೆಣ್ಣಿನ ರೂಪ ತಾಳುತ್ತಾಳೆ. ಆಮೇಲೆ ತನ್ನ ಮುಖದಲ್ಲೇ ನಿಂತು ಹೋರಾಡಲು ಕಲಿಯುತ್ತಾಳೆ. 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಸ್ಸುಗಳ ಮೇಲಿದ್ದ ಮುಸ್ಲಿಂ ದ್ವೇಷದ ಜಾಹೀರಾತುಗಳ ಮೇಲೆ ಯಾರೋ ಅವಳ ಚಿತ್ರ ಅಂಟಿಸಿದರು. ಇನ್ನೊಂದು ಬೆಳವಣಿಗೆ: ಮುಖದ ಗಾಯದಿಂದಲೇ ಖಳನನ್ನು ಗುರುತಿಸುವ ಸಿನಿಮಾಗಳಿಗೆ ಹಣ ಕೊಡುವುದಿಲ್ಲವೆಂದು 2018ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿತು. ಸಣ್ಣ ಹೆಜ್ಜೆ. ಆದರೆ ಮುಖ ಸುಟ್ಟ ಮಗುವಿಗೆ ಅದು ಸಣ್ಣದಲ್ಲ.

ರಕ್ಕಸರಿಲ್ಲದ ಕಥೆ ಬೇಕೆಂದು ನಾವು ಹೇಳುತ್ತಿಲ್ಲ. ಕೇಡು ಲೋಕದಲ್ಲಿರುವ ತನಕ ಅದು ಕಥೆಯಲ್ಲೂ ಇರಬೇಕು. ಆದರೆ ಗೂಲ್‌ನ ಗುರುತು ಮುಖದಲ್ಲಿಲ್ಲ, ಕಾಲಿನಲ್ಲಿದೆ. ಅದು ಯಾರನ್ನು ತುಳಿದು ಬಂದಿದೆ ಎಂಬುದನ್ನು ನೋಡಬೇಕು. ಸೂಪರ್‌ಮ್ಯಾನ್‌ನ ಮೊದಲ ಕಥೆಗಳಿಗೆ ಇದು ತಿಳಿದಿತ್ತು.

ಗೆಳೆಯನ ಪ್ರಶ್ನೆಗೆ ನಾವಿನ್ನೂ ಉತ್ತರ ಕೊಟ್ಟಿಲ್ಲ. ನಮ್ಮ ಹಳೆಯ ಕಥೆಗಳನ್ನು ತೆರೆದು ನೋಡಿದೆವು. ಅವುಗಳಲ್ಲಿ ಮೂರು ಕಡೆ ಕೆಟ್ಟವನಿಗೆ ಕೆನ್ನೆಯ ಮೇಲೆ ಗಾಯದ ಗುರುತಿದೆ. ಬರೆದವರು ನಾವೇ.