ಥೀಮ್ ಕ್ಯಾಸಿನೊ ಹೋಟೆಲ್

ವಸತಿ, ಊಟೋಪಚಾರ, ಮನರಂಜನೆಗಳ ಜೊತೆಗೆ ಜೂಜಿನ ಅಂಗಣವನ್ನೂ ಹೊಂದಿದ್ದು, ಒಂದು ನಾಡಿನ ಅಥವಾ ಕಾಲದ ಮಾದರಿಯಲ್ಲಿ ರೂಪುಗೊಂಡ ಹೋಟೆಲ್. ಇವುಗಳಿಗೆ ಹೆಸರಾದ ನಗರ ಅಮೆರಿಕದ ಲಾಸ್ ವೇಗಸ್. ಅಲ್ಲಿನ ಸೀಸರ್ಸ್ ಪ್ಯಾಲೇಸ್ (1966) ಪ್ರಾಚೀನ ರೋಮನ್ನು, ಪಿರಮಿಡ್ ಆಕಾರದ ಲಕ್ಸರ್ (1993) ಈಜಿಪ್ಟನ್ನು, ವೆನೀಶಿಯನ್ (1999) ಕಾಲುವೆಗಳ ವೆನಿಸನ್ನು ಅನುಕರಿಸುತ್ತವೆ.

ಭಾರತದಲ್ಲಿ: ಸಂವಿಧಾನದಂತೆ ಜೂಜು ರಾಜ್ಯಪಟ್ಟಿಯ ವಿಷಯ. ಗೋವಾ 1992ರ ತಿದ್ದುಪಡಿಯ ಮೂಲಕ ಪಂಚತಾರಾ ಹೋಟೆಲುಗಳಲ್ಲಿ ಜೂಜುಯಂತ್ರಗಳಿಗೆ ಅವಕಾಶ ನೀಡಿತು. ಅಲ್ಲಿ ಮಾಂಡೋವಿ ನದಿಯ ಹಡಗುಗಳಲ್ಲೂ ಕ್ಯಾಸಿನೊಗಳಿವೆ. ಸಿಕ್ಕಿಂನಲ್ಲೂ ಹೋಟೆಲ್ ಕ್ಯಾಸಿನೊಗಳುಂಟು. ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆ ಜೂಜುಕಟ್ಟೆಗಳನ್ನು ನಿಷೇಧಿಸಿರುವುದರಿಂದ ಇಂಥ ಹೋಟೆಲುಗಳಿಲ್ಲ.

ರಾಮನಗರ ಸೀಮೆಯಲ್ಲಿ: ಕೆಂಪಾಪುರ, ಮಾಗಡಿ, ಚನ್ನಪಟ್ಟಣ, ಕನಕಪುರಗಳನ್ನೊಳಗೊಂಡ ಈ ಸೀಮೆಯಲ್ಲಿ ಥೀಮ್ ವಸತಿಗೆ ಹತ್ತಿರದ ಉದಾಹರಣೆ ಬಿಡದಿಯ ವಂಡರ್‌ಲಾ. ಬೆಂಗಳೂರು–ಮೈಸೂರು ರಸ್ತೆಯ ಬಳಿ 2005ರಲ್ಲಿ ಆರಂಭವಾದ ಈ ಮನರಂಜನಾ ಉದ್ಯಾನಕ್ಕೆ 2012ರಲ್ಲಿ ರೆಸಾರ್ಟ್ ಸೇರಿತು. ಇಲ್ಲಿನ ಆಕರ್ಷಣೆ ಜಲಕ್ರೀಡೆ ಮತ್ತು ಯಂತ್ರಸವಾರಿಗಳು, ಜೂಜಿಲ್ಲ.

ಕೊಠಡಿ ಕಾಯ್ದಿರಿಸುವಿಕೆ: ಬಾಡಿಗೆ ಬೇಡಿಕೆಗೆ ತಕ್ಕಂತೆ ಏರಿಳಿಯುತ್ತದೆ. ವಾರದ ನಡುವಿನ ದಿನಗಳಲ್ಲಿ ಸಾಮಾನ್ಯವಾಗಿ ಕಡಿಮೆ. ವಾರಾಂತ್ಯ, ಹಬ್ಬ, ಶಾಲಾರಜೆಗಳಲ್ಲಿ ಹೆಚ್ಚು. ಲಾಸ್ ವೇಗಸ್‌ನ ಬಹಳಷ್ಟು ಹೋಟೆಲುಗಳು ಬಾಡಿಗೆಯ ಮೇಲೆ ಪ್ರತಿ ರಾತ್ರಿಗೆ ‘ರೆಸಾರ್ಟ್ ಶುಲ್ಕ’ ವಿಧಿಸುತ್ತವೆ. ಅಲ್ಲಿ ಜೂಜಾಡಲು ಕನಿಷ್ಠ ವಯಸ್ಸು 21. ಭಾರತದಲ್ಲಿ ಬಾಡಿಗೆಗೆ ಜಿಎಸ್‌ಟಿ ಸೇರುತ್ತದೆ, ಅತಿಥಿಗಳು ಭಾವಚಿತ್ರವಿರುವ ಗುರುತಿನ ಚೀಟಿ ತೋರಿಸಬೇಕು. ಮುಂಗಡ ಪಾವತಿಗೆ ಮೊದಲು ರದ್ದತಿಯ ನಿಯಮ, ಕೊಠಡಿ ಸಿಗುವ ಮತ್ತು ತೆರವು ಮಾಡುವ ವೇಳೆ, ಬಾಡಿಗೆಯಲ್ಲಿ ಉಪಾಹಾರ ಹಾಗೂ ಪ್ರವೇಶಚೀಟಿ ಸೇರಿವೆಯೇ ಎಂಬುದನ್ನು ಪರಿಶೀಲಿಸುವುದು ರೂಢಿ.