ಮರಳ ದಿಬ್ಬದಲ್ಲಿ ಮಲಗಿದ್ದ ಆಟದ ಬಯಲು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಬರುತ್ತದೆ. ಊರ ಮಗ್ಗುಲಿನ ಗುಡ್ಡದಲ್ಲಿರುವ ಒಂದು ಬಂಡೆಯ ವಿಷಯ ನಮ್ಮ ಓದುಗರಲ್ಲಿ ಅನೇಕರಿಗೆ ಗೊತ್ತೇ ಇದೆ. 1915ರ ಜನವರಿಯಲ್ಲಿ, ಆಗಿನ ನಿಜಾಮರ ರಾಜ್ಯದಲ್ಲಿ ಚಿನ್ನದ ಜಾಡನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರು ಈ ಗುಡ್ಡಕ್ಕೆ ಬಂದರು. ಅವರ ಕಣ್ಣಿಗೆ ಬಿದ್ದದ್ದು ಚಿನ್ನವಲ್ಲ, ಬಂಡೆಯ ಮೈಮೇಲಿನ ಅಕ್ಷರಗಳು. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದಾಗ, ಅಲ್ಲಿಯ ತನಕ ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’ನೆಂದು, ‘ಪ್ರಿಯದರ್ಶಿ’ಯೆಂದು ಮಾತ್ರ ಕರೆದುಕೊಳ್ಳುತ್ತಿದ್ದ ಅರಸನು ತನ್ನ ಅಶೋಕನೆಂಬ ಹೆಸರಿನಿಂದಲೇ ಕಾಣಿಸಿಕೊಂಡನು. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಆ ಬಂಡೆ ಅಲ್ಲಿಯೇ ಇತ್ತು. ಅದರ ನೆರಳಿನಲ್ಲಿ ಎಷ್ಟೋ ಮಂದಿ ಕುರಿ ಕಾಯುವವರು ಬುತ್ತಿ ಬಿಚ್ಚಿ ಉಂಡಿದ್ದರೆ ಆಶ್ಚರ್ಯವಿಲ್ಲ. ಹಾಗಿದ್ದ ಮೇಲೆ ಅದು ‘ಕಳೆದುಹೋಗಿತ್ತು’ ಎನ್ನುವುದು ಯಾರ ಪಾಲಿಗೆ?

ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೀವು ನನ್ನೊಡನೆ ಬಹುದೂರದ ಒಂದು ದ್ವೀಪಕ್ಕೆ ಬರಬೇಕು. ಅಲ್ಲಿಯೂ ಒಬ್ಬಾತ ಒಂದನ್ನು ಹುಡುಕಿಕೊಂಡು ಹೋಗಿ ಇನ್ನೊಂದನ್ನು ಕಂಡನು. ಅಲ್ಲಿ ದೊರೆತದ್ದು ಶಾಸನವಲ್ಲ, ಒಂದು ಆಟದ ಬಯಲು. ಆಟದ ಬಯಲಿಗೂ ಇತಿಹಾಸವೆ ಎಂದು ನಗಬೇಡಿ. ಆ ಬಯಲಿನ ಕಥೆಯಲ್ಲಿ ಜಮೀನಿನ ಕಥೆ ಇದೆ, ಒಕ್ಕಲೆದ್ದು ಹೋದವರ ಕಥೆ ಇದೆ. ಜಾಗೀರಿನ ಕಾಲವನ್ನು ಹಿರಿಯರ ಬಾಯಿಂದ ಕೇಳಿದ ನಮ್ಮ ಸೀಮೆಯವರಿಗೆ ಅದು ತೀರ ಅಪರಿಚಿತವೇನಲ್ಲ.

ಮೊದಲು ಆಟದ ವಿಷಯ. ಗಾಲ್ಫ್ ಎಂದರೆ ದೊಡ್ಡವರ ಆಟ, ನಮಗೇಕೆ ಎಂದು ಬಹುಜನರ ಭಾವನೆ. ಭಾರತಕ್ಕೆ ಅದು ಬಂದದ್ದೂ ಹಾಗೆಯೇ. ಕಲ್ಕತ್ತೆಯಲ್ಲಿ 1829ರಲ್ಲಿ, ಬೆಂಗಳೂರಿನಲ್ಲಿ 1876ರಲ್ಲಿ ಆಂಗ್ಲರು ತಮ್ಮ ವಿನೋದಕ್ಕೆಂದು ಕ್ಲಬ್ಬುಗಳನ್ನು ಕಟ್ಟಿಕೊಂಡರು. ಆದರೆ ಆಟದ ಮರ್ಮ ಸರಳವಾದುದು. ಚಿಣಿಪಣಿಯಂತೆ ಕೋಲಿನಿಂದ ಹೊಡೆಯಬೇಕು, ಗೋಲಿಗುಂಡಿನಂತೆ ಕುಳಿಗೆ ಸೇರಿಸಬೇಕು. ಒಂದು ಕುಳಿ ಮುಗಿದರೆ ಮುಂದಿನದು, ಹೀಗೆ ಹದಿನೆಂಟು. ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದನು. ಕುಳಿಯಿಂದ ಕುಳಿಗೆ ನೂರಾರು ಗಜ ನಡೆಯಬೇಕಾದ್ದರಿಂದ ಇದು ಅರ್ಧ ಆಟ, ಅರ್ಧ ತಿರುಗಾಟ.

ಈ ಆಟ ಬೆಳೆದದ್ದು ಸ್ಕಾಟ್ಲೆಂಡಿನ ಕಡಲಂಚಿನ ಮರಳು ಭೂಮಿಯಲ್ಲಿ. ಸಮುದ್ರಕ್ಕೂ ಉಳುವ ಹೊಲಕ್ಕೂ ನಡುವೆ ದಿಬ್ಬ ತಗ್ಗುಗಳಿಂದ ಕೂಡಿದ ಒಂದು ಪಟ್ಟಿ ಇರುತ್ತದೆ. ಅದಕ್ಕೆ ಅವರು ‘ಲಿಂಕ್ಸ್’ ಎನ್ನುತ್ತಾರೆ. ನೇಗಿಲಿಗೆ ಅದು ಒಗ್ಗದು. ಕುರಿಗಳು ಮೇದು ಮೇದು ಹುಲ್ಲು ಗಿಡ್ಡವಾಗಿರುತ್ತದೆ. ಗಾಳಿಗೆ ಮರೆಯಾಗಿ ಕುರಿಗಳು ಒತ್ತಿ ಮಲಗಿದ ಕಡೆ ಮರಳು ಕಿತ್ತು ಆದ ಹಳ್ಳಗಳೇ ಮುಂದೆ ಆಟಗಾರನನ್ನು ಸಿಕ್ಕಿಸುವ ಮರಳುಗುಂಡಿಗಳಾದವೆಂದು ಹೇಳುವುದುಂಟು. ಒಟ್ಟಿನಲ್ಲಿ, ನಮ್ಮ ಕಡೆಯ ಗಾಯರಾಣದಂತಹ ನೆಲದಲ್ಲಿ ಹುಟ್ಟಿದ ಆಟವಿದು. ಬೆಂಗಳೂರಿನ ಕ್ಲಬ್ಬಿನ ಬೇಲಿಯನ್ನು ಹೊರಗಿನಿಂದ ನೋಡಿದವರಿಗೆ ಇದು ತೋಚುವುದಿಲ್ಲ.

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ಏಟಿಗೆ ಎದೆಯೊಡ್ಡಿ ನಿಂತ ದ್ವೀಪಗಳ ಸಾಲಿದೆ. ಅವುಗಳಲ್ಲಿ ಒಂದು ಸೌತ್ ಯೂಯಿಸ್ಟ್. ಮೂಡಲಿಗೆ ಬೋಳು ಬೆಟ್ಟಗಳು, ಪಡುವಲಿಗೆ ಉದ್ದಕ್ಕೂ ಮರಳ ತೀರ. ಜನರ ಮನೆಮಾತು ಗೇಲಿಕ್. ಚಿಪ್ಪುಗಳು ನುಚ್ಚಾಗಿ ಗಾಳಿಗೆ ಹಾರಿಬಂದು ಕೂತ ಸುಣ್ಣದಂಶದ ಮರಳನ್ನು ಅವರು ‘ಮಾಖರ್’ ಎನ್ನುತ್ತಾರೆ. ನಮ್ಮ ಎರೆಭೂಮಿಗೆ ಇದು ಪೂರ್ತಿ ವಿರುದ್ಧ. ನೀರು ನಿಲ್ಲದು, ಸಾರವೂ ಕಡಿಮೆ. ಕಡಲಪಾಚಿಯನ್ನು ಗೊಬ್ಬರವಾಗಿ ಹಾಕಿ ಓಟ್ಸ್, ರೈ ಎಂಬ ಧಾನ್ಯಗಳನ್ನು ಒಂದೆರಡು ವರ್ಷ ಬೆಳೆದು, ಆಮೇಲೆ ನೆಲವನ್ನು ಬೀಳು ಬಿಡುವುದು ಅಲ್ಲಿಯ ರೂಢಿ. ಬೀಳು ಬಿದ್ದ ನೆಲದಲ್ಲಿ ಬೇಸಿಗೆಯಲ್ಲಿ ಹೂವು ತುಂಬುತ್ತದೆ. ಚಳಿಗಾಲದಲ್ಲಿ ದನ ಮೇಯುತ್ತದೆ.

ಈ ದ್ವೀಪವನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕರ್ನಲ್ ಗಾರ್ಡನ್ ಎಂಬ ಧನಿಕನು ಕೊಂಡುಕೊಂಡನು. ಕಡಲಪಾಚಿಯನ್ನು ಸುಟ್ಟು ಬೂದಿ ಮಾರುವ ಉದ್ಯಮ ಅಷ್ಟರಲ್ಲಿ ಕುಸಿದಿತ್ತು. 1846ರಿಂದ ಆಲೂಗಡ್ಡೆಯ ಬೆಳೆಗೆ ರೋಗ ಬಿದ್ದು ಜನ ಹಸಿವಿನಿಂದ ಕಂಗೆಟ್ಟರು. ಬಾಡಿಗೆ ಬಾರದ ಒಕ್ಕಲುಗಳಿಗಿಂತ ಕುರಿಗಳೇ ಲಾಭವೆಂದು ಕಂಡ ಒಡೆಯನು 1851ರಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯನ್ನು ಹಡಗು ಹತ್ತಿಸಿ ಕೆನಡಾಕ್ಕೆ ಕಳಿಸಿಬಿಟ್ಟನು. ಹೋಗಲೊಲ್ಲದೆ ಗುಡ್ಡಕ್ಕೆ ಓಡಿದವರನ್ನು ಹಿಡಿದು ತಂದರೆಂಬ ನೆನಪು ಅಲ್ಲಿ ಇನ್ನೂ ಆರಿಲ್ಲ. ಉಳಿದವರಿಗೆ ತಮ್ಮ ತುಂಡು ನೆಲದಿಂದ ಎಬ್ಬಿಸಲಾಗದೆಂಬ ಭದ್ರತೆ ಕಾನೂನಿನಿಂದ ದೊರೆತದ್ದು 1886ರಲ್ಲಿ. ನಮ್ಮ ರಾಯಚೂರು ಸೀಮೆಯಲ್ಲಿ ಜಾಗೀರುಗಳು ರದ್ದಾದದ್ದು 1949ರಲ್ಲಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ಕರ್ನಲನ ಮಗನ ವಿಧವೆ, ಲೇಡಿ ಗಾರ್ಡನ್ ಕ್ಯಾತ್‌ಕಾರ್ಟ್, ಬಳಿಕ ದ್ವೀಪದ ಒಡತಿಯಾದಳು. ದೂರದಲ್ಲಿ ವಾಸವಾಗಿದ್ದು ಆಳಿದವಳು. ಒಕ್ಕಲಿಗರು ವಲಸೆ ಹೋಗುವುದೇ ಲೇಸೆಂಬುದು ಅವಳ ಮತವೂ ಆಗಿತ್ತು. ದ್ವೀಪಕ್ಕೆ ಸಿರಿವಂತ ಪ್ರವಾಸಿಗಳು ಬರುವಂತಾಗಲೆಂದು ಅವಳು 1891ರಲ್ಲಿ ಟಾಮ್ ಮಾರಿಸ್ ಎಂಬಾತನನ್ನು ಕರೆಸಿದಳು. ಸೇಂಟ್ ಆಂಡ್ರೂಸ್ ಎಂಬ ಊರಿನ ಪ್ರಸಿದ್ಧ ಬಯಲನ್ನು ನೋಡಿಕೊಳ್ಳುತ್ತಿದ್ದ, ಬಿಳಿಗಡ್ಡದ, ಎಪ್ಪತ್ತು ಮುಟ್ಟಿದ ಈ ಮುದುಕನನ್ನು ಎಲ್ಲರೂ ‘ಓಲ್ಡ್ ಟಾಮ್’ ಎನ್ನುತ್ತಿದ್ದರು. 1861, 1862, 1864 ಮತ್ತು 1867ರಲ್ಲಿ, ಹೀಗೆ ನಾಲ್ಕು ಬಾರಿ, ಓಪನ್ ಎಂಬ ದೊಡ್ಡ ಪಂದ್ಯವನ್ನು ಗೆದ್ದವನು. ಆತ ಜೊತೆಗಾರನಾದ ಹೊರೇಸ್ ಹಚಿನ್‌ಸನ್ನನೊಡನೆ ದ್ವೀಪಕ್ಕೆ ಬಂದು, ಆಸ್ಕರ್‌ನಿಶ್ ಎಂಬಲ್ಲಿಯ ಮಾಖರಿನಲ್ಲಿ ಹದಿನೆಂಟು ಕುಳಿಗಳ ಬಯಲನ್ನು ಗುರುತು ಮಾಡಿಕೊಟ್ಟನು. ಆ ಕಾಲಕ್ಕೆ ಅಗೆತವಿಲ್ಲ, ಮಣ್ಣು ಹೊರುವುದಿಲ್ಲ. ನೆಲ ನೋಡಿ, ನಡೆದು, ಇಲ್ಲಿಂದ ಹೊಡೆಯಿರಿ, ಅಲ್ಲಿ ಕುಳಿ ತೋಡಿರಿ ಎಂದು ಗೂಟ ನೆಡಿಸುವುದು, ಅಷ್ಟೇ ಕೆಲಸ.

ನಿರೀಕ್ಷಿಸಿದ ಪ್ರವಾಸಿಗಳ ದಂಡು ಬರಲಿಲ್ಲ. ಒಡತಿ 1932ರಲ್ಲಿ ತೀರಿಕೊಂಡಳು. 1930ರ ದಶಕದಲ್ಲಿ ಬಯಲಿನ ಸಮತಟ್ಟಾದ ಭಾಗದಲ್ಲಿ ಪುಟ್ಟ ವಿಮಾನಗಳು ಇಳಿಯತೊಡಗಿದವು. ದಿಬ್ಬಗಳ ನಡುವಿನ ಕುಳಿಗಳು ಒಂದೊಂದಾಗಿ ಕೈಬಿಟ್ಟುಹೋದವು. ಕೊನೆಗೆ ಉಳಿದದ್ದು ಮಟ್ಟಸ ನೆಲದ ಒಂಬತ್ತು ಕುಳಿಗಳು, ಹಳೆಯದೊಂದು ಹುಲ್ಲು ಕತ್ತರಿಸುವ ಯಂತ್ರ, ಮತ್ತು ಬೆರಳೆಣಿಕೆಯ ಊರಿನ ಆಟಗಾರರು. ಆದರೂ ಅವರು ಬಿಡಲಿಲ್ಲ. ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸಿದ್ದು ಈ ಮಂದಿ. ತಮ್ಮ ಬಯಲನ್ನು ಓಲ್ಡ್ ಟಾಮನೇ ಮಾಡಿದನೆಂಬ ಮಾತನ್ನು, ಹೊರಗಿನವರು ನಂಬಲಿ ಬಿಡಲಿ, ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದರು.

2005ರ ಕೊನೆಯಲ್ಲಿ ಗಾರ್ಡನ್ ಇರ್ವಿನ್ ಎಂಬ ಬಯಲು ಸಲಹೆಗಾರ ಮೀನು ಹಿಡಿಯುವ ಆಸೆಯಿಂದ ದ್ವೀಪಕ್ಕೆ ಬಂದನು. ಹೆಸರು ಒಂದೇ ಆದರೂ ಹಳೆಯ ಒಡೆಯರ ಮನೆತನಕ್ಕೂ ಇವನಿಗೂ ಸಂಬಂಧ ಕಲ್ಪಿಸಬೇಡಿ. ಓಲ್ಡ್ ಟಾಮನ ಹೆಸರು ಕೇಳಿ ಬಯಲನ್ನು ನೋಡಲು ಹೋದವನಿಗೆ ಮೊದಲು ನಿರಾಶೆಯೇ ಆಯಿತು. ಆ ಸಪಾಟು ನೆಲ ಯಾವ ದೊಡ್ಡ ಕೈಯ ಕೆಲಸವಾಗಿಯೂ ಕಾಣಲಿಲ್ಲ. ಸಂಘದವರು ಅವನನ್ನು ಸಮುದ್ರದ ಕಡೆಯ ದಿಬ್ಬಗಳಿಗೆ ಕರೆದುಕೊಂಡು ಹೋದರು. ಡಿಸೆಂಬರಿನ ಗಾಳಿ ಮಳೆಯಲ್ಲಿ ದಿಬ್ಬ ಹತ್ತಿ ಇಳಿಯುತ್ತ ಅವನಿಗೆ ತೋರಿತು: ಇಗೋ ಇಲ್ಲಿ ಚೆಂಡು ನಿಲ್ಲಬಹುದಾದ ಬೋಗುಣಿಯಂತಹ ತಗ್ಗು, ಅಗೋ ಅಲ್ಲಿ ಹೊಡೆಯಲು ನಿಲ್ಲಬಹುದಾದ ದಿಣ್ಣೆ, ಎರಡರ ನಡುವೆ ಹರಿಯುವ ಹುಲ್ಲಿನ ಕಣಿವೆ. ನೆಲವನ್ನು ಯಾರೂ ಕೆದಕಿರಲಿಲ್ಲ. ದನಕುರಿಗಳು ನೂರು ವರ್ಷ ಅದನ್ನು ಕಾದಿದ್ದವು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಟಾಮ್ ಮಾರಿಸನು ಬರೆದ ನಕ್ಷೆ ಯಾವುದೂ ಉಳಿದಿರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಅಕ್ಷರವಿದೆ. ತಪ್ಪು ಓದಿದರೆ ಮತ್ತೊಬ್ಬ ವಿದ್ವಾಂಸರು ತಿದ್ದಬಹುದು. ಆಸ್ಕರ್‌ನಿಶ್‌ನಲ್ಲಿ ಓದಬೇಕಾದದ್ದು ಮರಳನ್ನು, ಅದು ಗಾಳಿಗೆ ಜಾಗ ಬದಲಿಸುವ ವಸ್ತು. ಇರ್ವಿನ್ನನೂ, ಅವನೊಡನೆ ಸೇರಿದ ಮಾರ್ಟಿನ್ ಎಬರ್ಟ್ ಎಂಬ ಬಯಲುಶಿಲ್ಪಿಯೂ ಗುರುತಿಸಿದ ಹದಿನೆಂಟು ಕುಳಿಗಳು 1891ರ ಕುಳಿಗಳೇ ಎಂದು ಆಣೆ ಮಾಡಿ ಹೇಳಬಲ್ಲವರಿಲ್ಲ. ಓಲ್ಡ್ ಟಾಮ್ ನಿಂತಿದ್ದರೆ ಏನನ್ನು ಆರಿಸುತ್ತಿದ್ದನೋ ಅದನ್ನು ಇವರು ಆರಿಸಿದರು ಎಂಬಷ್ಟೇ ನಿಜ. ಇದು ಜೀರ್ಣೋದ್ಧಾರವೋ ಹೊಸ ಕಟ್ಟಡವೋ ಎಂದು ಕೇಳುವವರ ಸಂಶಯ ನ್ಯಾಯವಾದದ್ದೇ. ಆದರೂ ನಾನು ಇವರ ಪಕ್ಷ ವಹಿಸುತ್ತೇನೆ. ಕಾರಣ, ಕೆಲಸ ಮಾಡಿದ ರೀತಿ. ದಿಬ್ಬ ಕಡಿಯಲಿಲ್ಲ, ತಗ್ಗು ತುಂಬಲಿಲ್ಲ. ಇದ್ದ ಹುಲ್ಲನ್ನೇ ಕತ್ತರಿಸಿ ಕತ್ತರಿಸಿ ನಯ ಮಾಡಿದರು. ರಾಸಾಯನಿಕ ಗೊಬ್ಬರವನ್ನೂ ಕೀಟನಾಶಕವನ್ನೂ ದೂರವಿಟ್ಟರು. ಹಳೆಯ ಗುಡಿಯ ಕಲ್ಲುಕಂಬಕ್ಕೆ ಎಣ್ಣೆಬಣ್ಣ ಬಳಿದು ಜೀರ್ಣೋದ್ಧಾರವಾಯಿತೆಂದು ಹಿಗ್ಗುವ ನಮ್ಮ ಕಡೆಯ ಕಮಿಟಿಯವರನ್ನು ಒಮ್ಮೆ ಅಲ್ಲಿಗೆ ಕಳಿಸಬೇಕೆನಿಸುತ್ತದೆ.

ಇದೇ ಹೊತ್ತಿಗೆ ದ್ವೀಪದಲ್ಲಿ ಇನ್ನೂ ದೊಡ್ಡದೊಂದು ಸಂಗತಿ ನಡೆಯಿತು. 2006ರ ನವೆಂಬರ್ 30ರಂದು ಸೌತ್ ಯೂಯಿಸ್ಟ್ ಮತ್ತು ಅದರ ನೆರೆಯ ದ್ವೀಪಗಳ ಸುಮಾರು 93,000 ಎಕರೆ ಭೂಮಿ ಖಾಸಗಿ ಒಡೆಯರಿಂದ ಅಲ್ಲಿಯ ನಿವಾಸಿಗಳದೇ ಆದ ಸಂಸ್ಥೆಯೊಂದಕ್ಕೆ ಬಂದಿತು. ಅದರ ಬೆಲೆ 45 ಲಕ್ಷ ಪೌಂಡು. ಯಾರ ಅಜ್ಜ ಮುತ್ತಜ್ಜಂದಿರನ್ನು ಹಡಗು ಹತ್ತಿಸಿದ್ದರೋ ಅವರ ನೆಲಕ್ಕೆ ಈಗ ಅವರದೇ ಸಮುದಾಯ ಒಡೆಯ. ಹೊಸ ಸಂಸ್ಥೆಗೆ ದುಡಿಮೆಯ ದಾರಿ ಬೇಕಿತ್ತು. ಯುವಕರು ಊರು ಬಿಡದಂತೆ ಮಾಡಲು ಬಯಲಿನಿಂದಲೂ ಒಂದಿಷ್ಟು ನೆರವಾದೀತೆಂಬ ಆಸೆ ಹುಟ್ಟಿತು.

ಆಗ ಎದ್ದಿತು ವ್ಯಾಜ್ಯ. ಆ ದಿಬ್ಬಗಳು ಸುತ್ತಲಿನ ಸಣ್ಣ ಹಿಡುವಳಿದಾರರ ಸಾಮೂಹಿಕ ಹುಲ್ಲುಗಾವಲು. ಆಟದ ಹೆಸರಿನಲ್ಲಿ ಮೇವಿನ ಹಕ್ಕು ಹೋಗುತ್ತದೆಂದು ಅವರಲ್ಲಿ ಕೆಲವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಪ್ರಗತಿಗೆ ಅಡ್ಡ ಬಂದವರೆಂದು ಅವರನ್ನು ಹಳಿಯುವುದು ಸುಲಭ. ಆದರೆ ಸ್ವಲ್ಪ ಅವರ ಜಾಗದಲ್ಲಿ ನಿಂತು ನೋಡಿ. ಒಡತಿಯೊಬ್ಬಳು ಮೇಲಿನಿಂದ ಇಳಿಸಿದ ಆಟವದು. 1886ರಲ್ಲಿ ಕಷ್ಟಪಟ್ಟು ಪಡೆದ ಹಕ್ಕನ್ನು, ಒಡೆಯ ಬದಲಾದನೆಂಬ ಮಾತ್ರಕ್ಕೆ, ಎಚ್ಚರ ತಪ್ಪಿ ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ. ಊರ ಗಾಯರಾಣದ ಒಂದು ಮೂಲೆಯನ್ನು ಯಾವುದೋ ಸತ್ಕಾರ್ಯಕ್ಕೆಂದು ಬೇಲಿ ಹಾಕಿದಾಗ ಮೊದಲು ತಕರಾರು ತೆಗೆಯುವವನು ಎಮ್ಮೆ ಕಟ್ಟಿದವನೇ ಅಲ್ಲವೆ? ಊರ ಸಂಸ್ಥೆಯೇ ಒಡೆಯನಾದರೂ ಊರಿನೊಳಗಿನ ಜಗಳ ಮುಗಿದಂತಾಗುವುದಿಲ್ಲ. ಅದು ಮುಖಾಮುಖಿಯಾಗುತ್ತದೆ, ಅಷ್ಟೆ.

ಹದಿನೆಂಟು ಕುಳಿಗಳ ಬಯಲು 2008ರ ಆಗಸ್ಟಿನಲ್ಲಿ ತೆರೆಯಿತು. ಅಮೆರಿಕದಿಂದ, ಯೂರೋಪಿನಿಂದ ಆಟಗಾರರು ದೋಣಿ ಹತ್ತಿ ಬರತೊಡಗಿದರು. 117 ವರ್ಷಗಳ ಹಿಂದೆ ಒಡತಿ ಕಾದ ಪ್ರವಾಸಿಗಳು ಒಡೆತನ ಕೈಬದಲಾದ ಮೇಲೆ ಬಂದರು. ಬೇಸಿಗೆಯಲ್ಲಿ ಅವರು ಆಡುತ್ತಾರೆ. ಚಳಿಗಾಲ ಬಂತೆಂದರೆ ದನಗಳು ಹಿಂದಿನಂತೆ ದಿಬ್ಬಗಳಿಗೆ ಮೇಯಲು ಬರುತ್ತವೆ. ಗೊರಸಿನ ಗುರುತುಗಳನ್ನು ವಸಂತದಲ್ಲಿ ಸರಿಮಾಡುತ್ತಾರೆ, ಸಗಣಿ ಗೊಬ್ಬರವಾಗುತ್ತದೆ.

ಈಗ ಆ ಬಯಲಿಗೆ ಬೇರೊಂದು ಎದುರಾಳಿ ಇದೆ. ಅಟ್ಲಾಂಟಿಕ್ಕಿನ ಬಿರುಗಾಳಿಗಳು ಚಳಿಗಾಲದಲ್ಲಿ ದಿಬ್ಬದ ಬುಡವನ್ನು ಕೊರೆಯುತ್ತಿವೆ. ಕಡಲ ಮಗ್ಗುಲಿನ ಕುಳಿಗಳ ಬಳಿ ಊರವರು ಆಳವಾಗಿ ಬೇರು ಬಿಡುವ ಒರಟು ಹುಲ್ಲನ್ನು ನೆಟ್ಟು ಮರಳನ್ನು ಹಿಡಿದಿಡಲು ನೋಡುತ್ತಿದ್ದಾರೆ.